ಮುಷ್ಕರದ ದಿನ ಕಣ್ಣಿನ ಡಾಕ್ಟರು

ಕಟ್‌ವಿಲೋ, ಮೊಂಟಾನಾ
ಸೆಪ್ಟೆಂಬರ್ ೮

ಪ್ರೀತಿಯ ಕೋರಾ,

ನಿನ್ನ ಕಾಗದ ಬಂತು. ಶ್ವೇತಭವನದ ಮುದ್ರೆ ನೋಡಿ ಅಂಚೆಯವಳು ಅದನ್ನು ಡಬ್ಬಿಗೆ ಹಾಕದೆ ಬಾಗಿಲು ತಟ್ಟಿ ಕೈಗೇ ಕೊಟ್ಟಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ಬೆವ್‌ಳ ಹೋಟೆಲಿನಲ್ಲಿ ಮಾರ್ವ್ ಕ್ರೋಲ್, "ಏನಯ್ಯಾ ಎಮೆಟ್, ಅಧ್ಯಕ್ಷರು ನಿನ್ನ ಕೇಳಿಯೇ ಸಹಿ ಹಾಕ್ತಾರಂತೆ, ಹೌದಾ?" ಅಂದ. "ನನ್ನ ಅಲ್ಲ, ನಿನ್ನ ಕೇಳಿ. ಅದಕ್ಕೇ ಇಷ್ಟು ತಡ" ಅಂದೆ. ಮುಂದಿನ ಸಲ ಸಾದಾ ಲಕೋಟೆಯಲ್ಲಿ ಹಾಕು. ಕಚೇರಿಯ ಇಮೇಲ್ ಬೇಡ, ಅಲ್ಲಿ ಬರೆದದ್ದೆಲ್ಲ ಸರ್ಕಾರದ ಕಡತವಾಗುತ್ತದೆ ಎಂದಿದ್ದೀಯ. ಸರಿ, ಕಾಗದವೇ ಆಗಲಿ.

ನಮ್ಮ ರೈಲ್ವೆ ಒಕ್ಕೂಟದ ವಕೀಲೆಯಾಗಿ ಕಂಪನಿಯ ಮೇಜಿಗೆ ಕೈ ಬಡಿದು ಮಾತಾಡುತ್ತಿದ್ದವಳು ಈಗ ಅಧ್ಯಕ್ಷರ ಕಾರ್ಮಿಕ ಸಲಹೆಗಾರರ ಕಚೇರಿಯಲ್ಲಿ ಕೂತಿದ್ದೀಯ. ನಾವು ಏನು ಕೇಳುತ್ತಿದ್ದೇವೆ ಎಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಅಲ್ಲಿ ಯಾರಾದರೂ ಕೇಳಿದರೆ ಒಂದೇ ಸಾಲಿನಲ್ಲಿ ಹೇಳು: ಮೈ ಸರಿಯಿಲ್ಲದ ದಿನ ಮನೆಯಲ್ಲಿರುವ ಹಕ್ಕು, ವರ್ಷಕ್ಕೆ ಏಳು ದಿನ. ಈಗ ಹೊತ್ತಲ್ಲದ ಹೊತ್ತಿನಲ್ಲಿ ಗಾಡಿಗೆ ಕರೆ ಬಂದಾಗ ಬರಲಾಗುವುದಿಲ್ಲ ಎಂದರೆ ಹಾಜರಿಯ ಅಂಕ ಕಳೆಯುತ್ತಾರೆ. ಅಂಕ ಮುಗಿದರೆ ಅಮಾನತು. ಒಪ್ಪಂದವಾಗದಿದ್ದರೆ ಡಿಸೆಂಬರ್ ಐದಕ್ಕೆ ದೇಶದ ಗೂಡ್ಸ್ ಗಾಡಿಗಳೆಲ್ಲ ನಿಲ್ಲುತ್ತವೆ.

ಇನ್ನೊಂದು ಮಾತು, ನಿನ್ನಲ್ಲೇ ಇರಲಿ. ಬೇಸಿಗೆಯಿಂದ ನನ್ನ ಬಲಗಣ್ಣಿನಲ್ಲಿ ನೊಣ ಹಾರಿದ ಹಾಗಾಗುತ್ತದೆ. ಕತ್ತಲಲ್ಲಿ ಕಣ್ಣಿನ ಮೂಲೆಯಲ್ಲಿ ಮಿಂಚುತ್ತದೆ. ನಮ್ಮೂರಿನ ಕನ್ನಡಕದವನು ನೋಡಿ, ಒಳಪೊರೆ ಹರಿದಿರಬಹುದು, ಗ್ರೇಟ್ ಫಾಲ್ಸ್‌ನ ದೊಡ್ಡ ಡಾಕ್ಟರಿಗೆ ತೋರಿಸಿ ಎಂದ. ಎರಡು ಸಲ ದಿನ ಗೊತ್ತುಮಾಡಿದೆ, ಎರಡು ಸಲವೂ ಹಿಂದಿನ ರಾತ್ರಿ ಕರೆ ಬಂತು. ನನ್ನ ಹತ್ತಿರ ಅಂಕ ಉಳಿದಿಲ್ಲ. ಕಾರಣ ಕಣ್ಣು ಎಂದು ಬರೆದುಕೊಟ್ಟರೆ ಅದೇ ದಿನ ಎಂಜಿನ್ನಿನಿಂದ ಇಳಿಸುತ್ತಾರೆ. ಸಿಗ್ನಲ್ ಚೆನ್ನಾಗಿಯೇ ಕಾಣುತ್ತದೆ, ಗಾಬರಿಪಡಬೇಡ.

ಲೊರೇನ್ ಸಂಸಾರ ಬಿಟ್ಟು ಬಿಲಿಂಗ್ಸ್‌ಗೆ ಹೊರಟುಹೋದ ಮೇಲೆ ಈ ಮನೆಯಲ್ಲಿ ಪೆನ್ನು ಹಿಡಿದದ್ದು ಇದೇ ಮೊದಲು.

ನಿನ್ನ,
ಎಮೆಟ್ ಹೌಗೆನ್


ವಾಷಿಂಗ್ಟನ್
ಸೆಪ್ಟೆಂಬರ್ ೧೯

ಎಮೆಟ್,

ನನ್ನ ಕೋಣೆ ಶ್ವೇತಭವನದಲ್ಲಿಲ್ಲ, ಪಕ್ಕದ ಕಟ್ಟಡದಲ್ಲಿದೆ. ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಜಾಗ. ಬಾಗಿಲು ತಟ್ಟದೆ ಒಳಗೆ ಬರುವವರು ಯಾರೂ ಇಲ್ಲ, ತಟ್ಟಿ ಬರುವವರೂ ಕಡಿಮೆ. ಇದನ್ನು ಬೆವ್‌ಳ ಹೋಟೆಲಿನಲ್ಲಿ ಹೇಳಬೇಡ.

ಮೊನ್ನೆ ಅಧ್ಯಕ್ಷರ ಎದುರು ಕೂತಿದ್ದೆ. ಏಳು ದಿನದ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು, "ಅಲ್ಲ, ಏಳಕ್ಕೇ ಈ ಗಲಾಟೆನಾ? ನಾನು ಎಪ್ಪತ್ತು ಅಂದ್ಕೊಂಡಿದ್ದೆ" ಎಂದರು. ಅಣಕಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಸಿಟ್ಟು ಬಂದಿತ್ತು. ಈ ಮನುಷ್ಯ ಚುನಾವಣೆಯಲ್ಲಿ ನಮ್ಮ ಒಕ್ಕೂಟದ ಟೋಪಿ ಹಾಕಿಕೊಂಡು ಓಡಾಡಿದ್ದು ನಾಟಕವಲ್ಲ ಎಂದು ಆಗ ಅನ್ನಿಸಿತು. ಕಂಪನಿಗಳು ಸಂಬಳ ಏರಿಸಲು ಒಪ್ಪಿವೆ, ರಜೆಗೆ ಒಪ್ಪುತ್ತಿಲ್ಲ. ಅಧ್ಯಕ್ಷರೇ ಖುದ್ದಾಗಿ ಮಾತಾಡುತ್ತೇನೆ ಎಂದಿದ್ದಾರೆ.

ನಿನ್ನಿಂದ ಒಂದು ಸಹಾಯ ಬೇಕು. ಗಡುವಿಗೆ ಮುಂಚೆ ಒಕ್ಕೂಟದ ನಿಮ್ಮ ಶಾಖೆಯವರು ಯಾರೂ ಕೆಲಸ ಬಿಡದ ಹಾಗೆ ನೋಡಿಕೋ. ಒಂದು ಕಡೆ ಗಾಡಿ ನಿಂತರೂ ಕಂಪನಿಯವರಿಗೆ ನೆಪ ಸಿಗುತ್ತದೆ. ನೀನು ಮುಖಂಡ, ನಿನ್ನ ಮಾತು ಕೇಳುತ್ತಾರೆ.

ಕಣ್ಣಿನ ವಿಷಯ ಅಸಡ್ಡೆ ಮಾಡಬೇಡ.

ಕೋರಾ ಬೆಲ್‌ಗಾರ್ಡ್


ಕಟ್‌ವಿಲೋ
ಅಕ್ಟೋಬರ್ ೧೪

ಕೋರಾ,

ಭಾನುವಾರ ಸಭೆ ಸೇರಿಸಿದೆ. ಗಡುವಿನವರೆಗೆ ಯಾರೂ ಕದಲಬಾರದು, ಈ ಅಧ್ಯಕ್ಷರು ನಮ್ಮವರು ಎಂದೆ. ಮಾರ್ವ್ ಹಿಂದಿನ ಬೆಂಚಿನಿಂದ, "ನಮ್ಮವ್ರು ಅಂದ್ರೆ ಯಾವ ಶಾಖೆ? ಕರೆ ಬಂದ್ರೆ ಅರ್ಧ ರಾತ್ರೀಲಿ ಏಳ್ತಾರಾ?" ಎಂದು ಕೂಗಿದ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಕೈ ಎತ್ತಿದರು. ಮಾರ್ವ್‌ನೂ ಎತ್ತಿದ. ಎಷ್ಟೋ ವರ್ಷದಿಂದ ನನ್ನ ಗಾಡಿಯ ಗಾರ್ಡ್ ಅವನೇ, ಎಂಜಿನ್ ಕ್ಯಾಬಿನ್ನಿನಲ್ಲಿ ನನ್ನ ಪಕ್ಕದ ಕುರ್ಚಿ ಅವನದು. ನನ್ನನ್ನು ಬೈಯುವ ಹಕ್ಕು ಅವನಿಗಿದೆ.

ಈಗ ಒಂದು ತಮಾಷೆ ಕೇಳು. ಮುಷ್ಕರದ ದಿನ ಯಾರಿಗೂ ಕರೆ ಬರುವುದಿಲ್ಲವಷ್ಟೆ? ಇದು ಮೊದಲು ಹೊಳೆದದ್ದು ಮಾರ್ವ್‌ನ ಹೆಂಡತಿಗೆ. ಅವನ ಮಂಡಿ ತೋರಿಸಲು ಡಿಸೆಂಬರ್ ಐದಕ್ಕೆ ದಿನ ಗೊತ್ತುಮಾಡಿಬಿಟ್ಟಳು. ಅದು ಹರಡಿತು. ಈಗ ಊರಿನ ಆಸ್ಪತ್ರೆಯಲ್ಲಿ ಐದು, ಆರು, ಏಳನೇ ತಾರೀಖು ಭರ್ತಿ. ಹಲ್ಲು, ಬೆನ್ನು, ಸಕ್ಕರೆ ಪರೀಕ್ಷೆ. ದಂತವೈದ್ಯರ ಹುಡುಗಿ ಫೋನಿನಲ್ಲಿ, "ಏನಾಗಿದೆ ನಿಮಗೆಲ್ಲ? ಒಂದೇ ವಾರ ಇಡೀ ರೈಲ್ವೆಗೆ ಹಲ್ಲುನೋವಾ?" ಎಂದಳಂತೆ. ಮುಷ್ಕರಕ್ಕೆ ಬ್ಯಾನರು ಬರೆಯುವವರು ಸಿಕ್ಕಿಲ್ಲ, ಡಾಕ್ಟರ ಬಳಿ ಮಾತ್ರ ಸಾಲು ನಿಂತಿದ್ದೇವೆ.

ನಾನೂ ಅದನ್ನೇ ಮಾಡಿದೆ. ಗ್ರೇಟ್ ಫಾಲ್ಸ್, ಡಿಸೆಂಬರ್ ಐದು, ಬೆಳಿಗ್ಗೆ. ಮಿಂಚು ಸ್ವಲ್ಪ ಜಾಸ್ತಿಯಾಗಿದೆ. ಅಲ್ಲಿಯವರೆಗೆ ತಡೆಯುತ್ತದೆ.

ಎಮೆಟ್


ವಾಷಿಂಗ್ಟನ್
ನವೆಂಬರ್ ೨೧

ಎಮೆಟ್,

ಮಾತುಕತೆ ಮುರಿದುಬಿದ್ದಿದೆ. ಕಂಪನಿಗಳವರು ಅಧ್ಯಕ್ಷರ ಎದುರು ಕೂತು ಕಾಫಿ ಕುಡಿದು, ಆಗುವುದಿಲ್ಲ ಎಂದು ಎದ್ದುಹೋದರು. ಅವರಿಗೆ ಗೊತ್ತು, ಗಾಡಿ ನಿಂತರೆ ಕ್ರಿಸ್‌ಮಸ್‌ಗೆ ಮುಂಚೆ ಅಂಗಡಿಗಳು ಖಾಲಿಯಾಗುತ್ತವೆ, ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಕೂಡ ಊರುಗಳಿಗೆ ತಲುಪುವುದಿಲ್ಲ, ಬೈಗುಳ ಬೀಳುವುದು ಅಧ್ಯಕ್ಷರಿಗೆ.

ಕಾನೂನು ಹೀಗಿದೆ. ಸಂಸತ್ತು ರಜೆಯಿಲ್ಲದ ಒಪ್ಪಂದವನ್ನು ನಿಮ್ಮ ಮೇಲೆ ಹೇರಿ ಮುಷ್ಕರ ನಿಲ್ಲಿಸಬಹುದು. ಅದಕ್ಕೆ ಎರಡೂ ಪಕ್ಷದವರು ಸಿದ್ಧ. ರಜೆ ಸೇರಿಸಬೇಕಾದರೆ ಸೆನೆಟ್‌ನಲ್ಲಿ ಅರವತ್ತು ಮತ ಬೇಕು. ನನ್ನ ಮೇಲಿನವರು, ಸ್ಪೆನ್ಸರ್ ಅವರು, ಒಂದು ದಾರಿ ಹುಡುಕಿದ್ದಾರೆ: ಎರಡು ಮಸೂದೆ. ಒಂದರಲ್ಲಿ ಒಪ್ಪಂದ, ಇನ್ನೊಂದರಲ್ಲಿ ಏಳು ದಿನ. ಬೇರೆ ಬೇರೆ ಇಟ್ಟರೆ ಒಂದರ ಮೇಲಿನ ಸಿಟ್ಟು ಇನ್ನೊಂದಕ್ಕೆ ತಾಗುವುದಿಲ್ಲ. ನಿಮ್ಮ ಸೆನೆಟರ್ ತೂಗಾಡುತ್ತಿದ್ದಾರೆ. ಶಾಖೆಗಳ ಮುಖಂಡರೇ ಈ ದಾರಿ ಸರಿ ಎಂದರೆ ಅವರು ಒಲಿಯಬಹುದು.

ಕಟ್‌ವಿಲೋದಿಂದ ಒಂದು ಹೇಳಿಕೆ ಬೇಕು. ನೀನು ಹೇಳಿದರೆ ಹೈಲೈನ್ ಹಳಿಯುದ್ದದ ಉಳಿದ ಊರುಗಳೂ ಹೇಳುತ್ತವೆ. ಒಂದು ವಾರದೊಳಗೆ.

ಸ್ಪೆನ್ಸರ್ ಅವರ ಮಾತು ನಿನಗೂ ತಿಳಿದಿರಲಿ: "ಕೋರಾ, ನಿಲ್ಲಿಸೋಕೆ ಅಧ್ಯಕ್ಷರದ್ದೊಂದು ಸಹಿ ಸಾಕು. ಕೊಡಿಸೋಕೆ ಅವರು ದಾರೀಲಿ ಹೋಗೋರ ಕಾಲೆಲ್ಲ ಹಿಡೀಬೇಕು."

ಕೋರಾ


ಕಟ್‌ವಿಲೋ
ನವೆಂಬರ್ ೨೭

ಕೋರಾ,

ಹೇಳಿಕೆ ಕಳಿಸಿದ್ದೇನೆ. ನಿನ್ನೆಯ ಪತ್ರಿಕೆಯಲ್ಲಿ ನನ್ನ ಹೆಸರಿನೊಂದಿಗೆ ಬಂದಿದೆ.

ಸಭೆಯಲ್ಲಿ ಮಾರ್ವ್ ಎದ್ದು ನಿಂತ. ಈ ಸಲ ಕೂಗಲಿಲ್ಲ. "ಎಮೆಟ್, ಏರಿನಲ್ಲಿ ಗಾಡಿ ಕತ್ತರಿಸಿ ಹಿಂದಿನ ಅರ್ಧ ಬಿಟ್ಟು ಬರ್ತೀಯಾ ನೀನು? ಎಂಜಿನ್ ಮೇಲೆ ಹೋಗತ್ತೆ, ಸರಿ. ಹಿಂದಿಂದನ್ನ ತರೋಕೆ ವಾಪಸ್ ಯಾರು ಬರ್ತಾರೆ?" ಎಂದ. "ಕೋರಾ ಅಲ್ಲಿದಾಳೆ" ಎಂದೆ. ಇದೇ ಹಳಿಯಲ್ಲಿ ದುಡಿದ ನಿನ್ನ ಅಪ್ಪನ ಹೆಸರು ಇಲ್ಲಿ ಇನ್ನೂ ನಡೆಯುತ್ತದೆ. ಅದರ ಬಲದಲ್ಲಿ ಗೆದ್ದೆ, ಎರಡು ಕೈ ಹೆಚ್ಚು ಎದ್ದವು.

ಮನೆಗೆ ಬಂದು ಊಟ ಮಾಡಲು ಮನಸ್ಸಾಗಲಿಲ್ಲ.

ಎಮೆಟ್


ವಾಷಿಂಗ್ಟನ್
ಡಿಸೆಂಬರ್ ೨

ಎಮೆಟ್,

ಇಷ್ಟು ಹೊತ್ತಿಗೆ ರೇಡಿಯೊದಲ್ಲಿ ಕೇಳಿರುತ್ತೀಯ. ಒಪ್ಪಂದದ ಮಸೂದೆ ಸಲೀಸಾಗಿ ಪಾಸಾಯಿತು. ರಜೆಯ ಮಸೂದೆಗೆ ಆರು ಮತ ಕಡಿಮೆ ಬಿತ್ತು. ನಿಮ್ಮ ಸೆನೆಟರ್ ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎಂದರು. ಬೇರೆ ಬೇರೆ ಇಟ್ಟದ್ದರಿಂದ ಅದು ಅವರಿಗೆ ಸುಲಭವಾಯಿತು.

ಅಧ್ಯಕ್ಷರು ಬೆಳಿಗ್ಗೆ ಸಹಿ ಹಾಕಿದರು. ಸಾಮಾನ್ಯವಾಗಿ ಅವರು ಒಂದೊಂದು ಅಕ್ಷರಕ್ಕೆ ಒಂದೊಂದು ಪೆನ್ನು ಬಳಸಿ, ದುಡಿದವರಿಗೆ ನೆನಪಿಗೆಂದು ಹಂಚುತ್ತಾರೆ. ಈ ದಿನ ಒಂದೇ ಪೆನ್ನು. ಸಹಿಯಾದ ಮೇಲೆ ಅದನ್ನು ಯಾರಿಗೂ ಕೊಡದೆ ಮೇಜಿನ ಮೇಲೆ ಬಿಟ್ಟು ಎದ್ದರು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

ಮುಷ್ಕರವಿಲ್ಲ. ಎಲ್ಲರೂ ಎಂದಿನಂತೆ ಕೆಲಸಕ್ಕೆ ಹಾಜರಾಗಬೇಕು. ಈ ಸಾಲನ್ನು ಪತ್ರಿಕಾ ಹೇಳಿಕೆಗೆ ಬರೆದವಳೂ ನಾನೇ.

ಕೋರಾ


ವಾಷಿಂಗ್ಟನ್
ಡಿಸೆಂಬರ್ ೨೪

ಎಮೆಟ್,

ನಿನ್ನ ಉತ್ತರವಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಗಾಡಿಯ ಮೇಲಿರಬಹುದು ಎಂದುಕೊಂಡೆ.

ಎಲ್ಲರೂ ಕೇಳುತ್ತಾರೆ, ಅಧ್ಯಕ್ಷರು ಆದೇಶ ಹೊರಡಿಸಬಾರದೇ ಎಂದು. ನಾನೂ ಕೇಳಿದೆ. ಕರಡನ್ನು ನಾನೇ ಬರೆದೆ, ಎರಡೂವರೆ ಪುಟ. ವಕೀಲರು ಓದಿ, ಇದನ್ನು ಹೊರಡಿಸಿದ ವಾರದಲ್ಲೇ ಯಾವುದೋ ಊರಿನ ನ್ಯಾಯಾಧೀಶರೊಬ್ಬರು ತಡೆಯುತ್ತಾರೆ ಎಂದರು. ನಾನು ವಾದಿಸಿದೆ. "ನಿಮ್ಮ ಜಾಗದಲ್ಲಿ ನಾನಿದ್ರೂ ಇದೇ ವಾದ ಮಾಡ್ತಿದ್ದೆ, ಸೋಲ್ತಿದ್ದೆ" ಎಂದು ಅವರಲ್ಲೊಬ್ಬರು ಕಾಗದಗಳನ್ನು ಜೋಡಿಸಿಕೊಟ್ಟರು. ಕೆಟ್ಟವರಲ್ಲ. ಇಲ್ಲಿ ಕೆಟ್ಟವರನ್ನು ಹುಡುಕುವುದೇ ಕಷ್ಟ. ಎಲ್ಲರಿಗೂ ಒಂದೊಂದು ಬಾಗಿಲು ಮುಚ್ಚುವ ಕೆಲಸವಿದೆ, ತೆರೆಯುವ ಕೆಲಸ ಯಾರಿಗಿದೆ ಎಂದು ನಾನಿನ್ನೂ ಕಂಡುಕೊಂಡಿಲ್ಲ.

ನಾನು ಬಾಡಿಗೆಗಿರುವ ಕಟ್ಟಡ ಖಾಲಿಯಾಗಿದೆ. ಎಲ್ಲರೂ ಊರಿಗೆ ಹೋದರು. ಕೆಳಗಿನ ಚೀನಿ ಅಂಗಡಿಯಿಂದ ನೂಡಲ್ಸ್ ತಂದು ಒಲೆಯ ಮೇಲೆ ಇಟ್ಟಿದ್ದೇನೆ. ನಾನು ಅಲ್ಲಿಗೆ ಬರಬಹುದಿತ್ತು. ಬೆವ್‌ಳ ಹೋಟೆಲಿನ ಬಾಗಿಲು ತಳ್ಳುವುದನ್ನು ಯೋಚಿಸಿ ಟಿಕೆಟ್ ತೆಗೆಯಲಿಲ್ಲ.

ಎಲ್ಲ ಕ್ಷೇಮವೇ?

ಕೋರಾ


ಕಟ್‌ವಿಲೋ
ಜನವರಿ ೨೯

ಕೋರಾ,

ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಸಾಲು ಓರೆಯಾದರೆ ಮನ್ನಿಸು.

ಎಲ್ಲ ಕ್ಷೇಮವೇ ಎಂದು ಕೇಳಿದೆ. ಐದನೇ ತಾರೀಖು ಏನಾಯಿತು ಎಂದು ಕೇಳಲಿಲ್ಲ. ನಿನ್ನ ಕೊನೆಯ ಮೂರು ಕಾಗದಗಳನ್ನು ಮತ್ತೆ ಓದಿದೆ, ನನ್ನ ಕಣ್ಣಿನ ಮಾತು ಒಂದರಲ್ಲೂ ಇಲ್ಲ. ಆದ್ದರಿಂದ ಹೇಳುತ್ತೇನೆ. ನಾಲ್ಕರ ರಾತ್ರಿ ಕರೆ ಬಂತು. ಹೋದೆ. ಊರಿನ ಎಲ್ಲರಿಗೂ ಬಂತು. ದಂತವೈದ್ಯರ ಹುಡುಗಿ ಖಾಲಿ ಕುರ್ಚಿಗಳ ಮಧ್ಯೆ ಕೂತಿದ್ದಳಂತೆ. ಗ್ರೇಟ್ ಫಾಲ್ಸ್‌ನವರು ಫೆಬ್ರವರಿಗೆ ಹೊಸ ದಿನ ಕೊಟ್ಟರು.

ಆಮೇಲೆ ಹೋಟೆಲಿನಲ್ಲಿ ನನ್ನ ಮೇಜಿಗೆ ಯಾರೂ ಬರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೆವ್ ಕಾಫಿ ಸುರಿದು, "ಬಿಡಿ, ಅವ್ರಿಗೂ ಬೇಜಾರು, ನಿಮಗೂ ಬೇಜಾರು" ಎಂದು ಹೋಗುತ್ತಿದ್ದಳು. ಕ್ಯಾಬಿನ್ನಿನಲ್ಲಿ ಮಾರ್ವ್ ಸಿಗ್ನಲ್ಲಿನ ಬಣ್ಣ ಹೇಳುವುದು ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಹಸಿರು. ಹಳದಿ. ಇಡೀ ಪಾಳಿ ಅಷ್ಟೇ. ಆ ಚಳಿಯಲ್ಲಿ ಇಬ್ಬರು ಗಂಡಸರು ಒಂದು ಸಣ್ಣ ಪೆಟ್ಟಿಗೆಯೊಳಗೆ ಹಾಗೆ ಕೂರುವುದು ಹೇಗಿರುತ್ತದೆ ಎಂದು ನಿನಗೆ ಹೇಳಲಾರೆ.

ಜನವರಿ ಮೂರರಂದು ಗೋಧಿಯ ಗಾಡಿ ತೆಗೆದುಕೊಂಡು ಹೊರಟಿದ್ದೆವು. ಬೆಳಕು ಹರಿದಿತ್ತು, ಹಿಮದ ಮೇಲೆ ಬಿಸಿಲು. ಬಲಗಣ್ಣಿನ ಕೆಳಗಿನಿಂದ ಕಪ್ಪು ಪರದೆ ಏರತೊಡಗಿತು, ಬಕೀಟಿಗೆ ನೀರು ತುಂಬಿದ ಹಾಗೆ. ನೋವಿಲ್ಲ, ಏನೂ ಇಲ್ಲ.

"ಮಾರ್ವ್, ಮುಂದಿನ ಸಿಗ್ನಲ್ ನೀನೇ ನೋಡ್ಕೋ. ನನ್ನ ಮಾತು ನಂಬಬೇಡ" ಅಂದೆ.

"ಯಾಕೆ, ನಿನಗೆ ಕಣ್ಣಿಲ್ವಾ?" ಅಂದ. ಒಂದು ತಿಂಗಳಲ್ಲಿ ಅವನಾಡಿದ ಮೊದಲ ಮಾತು.

"ಒಂದು ಇಲ್ಲ" ಅಂದೆ.

ಅವನು ನನ್ನ ಮುಖ ನೋಡಿದ. ಮುಂದೆ ಸಿಕ್ಕ ಪಕ್ಕದ ಹಳಿಗೆ ಸರಿಸಿ ಗಾಡಿ ನಿಲ್ಲಿಸಿ, ನನಗೆ ಕಾಣುತ್ತಿಲ್ಲ, ಬೇರೆ ಚಾಲಕನನ್ನು ಕಳಿಸಿ ಎಂದು ನಾನೇ ರೇಡಿಯೊದಲ್ಲಿ ಹೇಳಿದೆ. ಅದನ್ನು ಸೆಪ್ಟೆಂಬರ್‌ನಲ್ಲೇ ಹೇಳಬೇಕಿತ್ತು. ಅದಕ್ಕೆ ಅಧ್ಯಕ್ಷರ ಸಹಿ ಬೇಕಿರಲಿಲ್ಲ. ಅದನ್ನು ನಿನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಡ.

ಶಸ್ತ್ರಚಿಕಿತ್ಸೆ ಮಾಡಿದರು. ಕಣ್ಣೊಳಗೆ ಗಾಳಿ ತುಂಬಿ, ಒಂದು ವಾರ ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದರು. ಊಟವೂ ನೆಲ ನೋಡುತ್ತಲೇ. ನಮ್ಮ ಅಡುಗೆಮನೆಯ ನೆಲಹಾಸಿನಲ್ಲಿ ಸುಟ್ಟ ಕಲೆಯೊಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಬೆಳಕು ಮರಳಿದೆ, ರೈಲ್ವೆಗೆ ಬೇಕಾದಷ್ಟು ಅಲ್ಲ. ರೈಲು ಓಡಿಸುವ ನನ್ನ ಪರವಾನಗಿ ಹೋಯಿತು.

ಎಮೆಟ್


ವಾಷಿಂಗ್ಟನ್
ಫೆಬ್ರವರಿ ೧೧

ಎಮೆಟ್,

ಅಧ್ಯಕ್ಷರಿಗೆ ಹೇಳಿದೆ. ಹೆಸರು ಬರೆದುಕೊಡು ಎಂದರು. ಅವರ ಕಾಗದವೊಂದು ನಿನಗೆ ಬರಬಹುದು. ಅದನ್ನು ಬರೆಯುವುದು ನನ್ನ ಕೈಗೇ ಬಂತು. ನನ್ನಿಂದ ಆಗುವುದಿಲ್ಲ ಎಂದು ಬೇರೆಯವರಿಗೆ ಕೊಟ್ಟೆ.

ಐದನೇ ತಾರೀಖು ನನಗೆ ನೆನಪಿತ್ತು.

ಕೋರಾ


ವಾಷಿಂಗ್ಟನ್
ಮೇ ೩೦

ಎಮೆಟ್,

ಜನವರಿಯ ನಂತರ ನೀನು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ. ಆದರೆ ಈ ಸುದ್ದಿ ಪತ್ರಿಕೆಗಿಂತ ಮುಂಚೆ ನನ್ನಿಂದ ತಿಳಿಯಲಿ.

ನಿಮ್ಮ ಕಂಪನಿ ವರ್ಷಕ್ಕೆ ನಾಲ್ಕು ದಿನ ರಜೆ ಕೊಡಲು ಒಪ್ಪಿದೆ. ಕಾರಣ ಕೇಳುವಂತಿಲ್ಲ, ಅಂಕ ಕಳೆಯುವಂತಿಲ್ಲ. ಕಾನೂನಿನಿಂದಲ್ಲ, ಆದೇಶದಿಂದಲೂ ಅಲ್ಲ. ಚಳಿಗಾಲವೆಲ್ಲ ನಾವು ಒಂದೊಂದು ಕಂಪನಿಗೂ ಫೋನ್ ಮಾಡಿದೆವು. ಅಧ್ಯಕ್ಷರೂ ಮಾಡಿದರು. ಆ ಫೋನಿನಲ್ಲಿ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಕೇಳಿದರು, ಮತ್ತೆ ಕೇಳಿದರು. "ಬೇಡೋದಕ್ಕೆ ನನ್ನನ್ನ ಯಾರೂ ತಡೆಯೋ ಹಾಗಿಲ್ವಲ್ಲ" ಎಂದು ಒಮ್ಮೆ ನಕ್ಕರು. ಏಳಲ್ಲ, ನಾಲ್ಕು. ನಿಮ್ಮವರಿಗೆ ಸಿಕ್ಕಿತು, ಪಕ್ಕದ ಕಂಪನಿಯವರಿಗೆ ಇನ್ನೂ ಇಲ್ಲ.

ಜುಲೈನಲ್ಲಿ ಕಟ್‌ವಿಲೋದಲ್ಲಿ ಸಣ್ಣ ಸಭೆಯಿದೆ. ಕಾರ್ಮಿಕ ಇಲಾಖೆಯವರು ಬರುತ್ತಾರೆ, ಅಧ್ಯಕ್ಷರ ಸಂದೇಶವನ್ನು ನಾನು ಓದಬೇಕು. ಸ್ಪೆನ್ಸರ್ ಅವರು ನೀನು ವೇದಿಕೆಯ ಮೇಲೆ ಇರಬೇಕು ಎನ್ನುತ್ತಿದ್ದಾರೆ. ಕೇಳುತ್ತೇನೆ ಎಂದು ಒಪ್ಪಿಕೊಂಡೆ. ಕೇಳಿದ್ದೇನೆ.

ಕೋರಾ


ಕಟ್‌ವಿಲೋ
ಜೂನ್ ೧೮

ಪ್ರೀತಿಯ ಕೋರಾ,

ಅಧ್ಯಕ್ಷರ ಕಾಗದ ಮಾರ್ಚ್‌ನಲ್ಲೇ ಬಂತು. ಚೆನ್ನಾಗಿತ್ತು. ನೀನು ಬರೆದದ್ದಲ್ಲ ಎಂದು ಓದಿದ ಕೂಡಲೇ ತಿಳಿಯಿತು, ಅದರಲ್ಲಿ ಒಂದೂ ಜಗಳವಿರಲಿಲ್ಲ.

ಈ ವಾರ ಗ್ರೇಟ್ ಫಾಲ್ಸ್‌ಗೆ ಹೋಗಬೇಕಿತ್ತು. ನನಗೆ ಅಷ್ಟು ದೂರ ಕಾರು ಓಡಿಸಲು ಬಿಡುತ್ತಿಲ್ಲ. ಯಾರನ್ನು ಕೇಳಲಿ ಎಂದು ಕೂತಿದ್ದೆ. ಬೆಳಿಗ್ಗೆ ಮಾರ್ವ್ ಬಂದು ಹಾರನ್ ಹೊಡೆದ. ಕರೆಯ ಸರದಿಯಲ್ಲಿ ಅವನ ಹೆಸರು ಮೇಲಿತ್ತು ಎಂದು ನನಗೆ ಗೊತ್ತು.

"ನಿಂಗೆ ಇವತ್ತು ಗಾಡಿ ಇಲ್ವೇನೋ?"

"ಕಾಯಿಲೆ ರಜೆ ಹಾಕ್ದೆ. ಜೀವಮಾನದಲ್ಲಿ ಮೊದಲ್ನೇದು."

"ಮಂಡಿನಾ?"

"ಮಂಡಿ ಹಾಳಾಗಿ ಹೋಗ್ಲಿ. ಹತ್ತು."

"ಕಂಪನಿಯವ್ರಿಗೆ ಏನು ಕಾಯಿಲೆ ಅಂದೆ?"

"ಕೇಳೋ ಹಾಗಿಲ್ಲ ಈಗ ಅವ್ರು. ಅದನ್ನೇ ಅಲ್ವೇನಯ್ಯಾ ನಾವು ಕೇಳಿದ್ದು?"

ಡಾಕ್ಟರು ಇನ್ನು ಸುಧಾರಿಸುವುದಿಲ್ಲ, ಇದ್ದದ್ದು ಉಳಿಯುತ್ತದೆ ಎಂದರು. ಹೊರಗೆ ಬಂದು ಹೇಳಿದೆ. ಮಾರ್ವ್ ಟೋಪಿ ಸರಿಮಾಡಿಕೊಂಡು, ನಾಲ್ಕರಲ್ಲಿ ಇನ್ನೂ ಮೂರು ಉಳಿದಿವೆ, ಎರಡನ್ನು ನಿನ್ನ ಡಾಕ್ಟರ ಓಡಾಟಕ್ಕೆ ತಗೋ ಎಂದ. ಆಮೇಲೆ ನನ್ನನ್ನು ಮನೆಯ ಮುಂದೆ ಇಳಿಸಿ ಒಳಗೆ ಬಾರದೆ ಹೋದ. ನಮ್ಮ ನಡುವೆ ಎಲ್ಲ ಸರಿಯಾಯಿತು ಎಂದು ತಿಳಿಯಬೇಡ.

ನಾಲ್ಕು ದಿನ ಸಣ್ಣದಲ್ಲ. ಆ ಫೋನುಗಳನ್ನು ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಅಧ್ಯಕ್ಷರ ಮೇಲೂ ಇಲ್ಲ. ಅವರ ಕೈ ಇಷ್ಟೇ ಉದ್ದ ಎಂದು ಅವರಿಗೆ ಮೊದಲೇ ಗೊತ್ತಿತ್ತು, ನಿನಗೂ ಗೊತ್ತಿತ್ತು. ನನಗೆ ಹೇಳಿದ್ದರೆ ನಾನು ಸಭೆಯಲ್ಲಿ ಅಷ್ಟನ್ನೇ ಹೇಳುತ್ತಿದ್ದೆ. ಜನ ಅದಕ್ಕೂ ಕೈ ಎತ್ತುತ್ತಿದ್ದರೋ ಏನೋ.

ವೇದಿಕೆಗೆ ನಾನು ಬರುವುದಿಲ್ಲ. ನೀನು ಸಂದೇಶ ಓದು, ಫೋಟೋ ತೆಗೆಸಿಕೋ, ಅದು ನಿನ್ನ ಕೆಲಸ. ಮುಗಿದ ಮೇಲೆ ಅವರನ್ನೆಲ್ಲ ಕಳಿಸಿ, ಮನಸ್ಸಿದ್ದರೆ ಮನೆಗೆ ಬಾ. ಒಬ್ಬಳೇ ಬಾ. ಬಂದು ಎದುರಿನ ಕುರ್ಚಿಯಲ್ಲಿ ಕೂತುಕೋ. ಪಕ್ಕದಲ್ಲಿ ಕೂತವರು ಈಗ ನನಗೆ ಕಾಣುವುದಿಲ್ಲ.

ನಿನ್ನ,
ಎಮೆಟ್